ಮೂರು ಬೆರಳಿನ ಹೆಂಚು

ಪ್ರೀತಿಯ ಚಿಕ್ಕಮ್ಮ,

ನಾಲ್ಕು ಬೀದಿ ಆಚೆಗಿರುವ ನಿನಗೆ ಕಾಗದ ಬರೆಯುತ್ತಿದ್ದೇನೆ, ನಗಬೇಡ. ಎದುರಿಗೆ ಕೂತು ಹೇಳೋಣವೆಂದರೆ ನೀನು ಬಿಟ್ಟರೆ ತಾನೆ? ಯಾರಾದರೂ ನಿನ್ನ ಬಗ್ಗೆ ಒಂದು ಒಳ್ಳೆಯ ಮಾತಾಡುವ ಸುಳಿವು ಸಿಕ್ಕರೆ ಸಾಕು, ‘ಒಲೆ ಮೇಲೆ ಹಾಲಿಟ್ಟಿದೀನಿ’ ಎಂದು ಎದ್ದುಬಿಡುತ್ತೀಯ. ಮನೆಯಲ್ಲಿ ಹಾಲೇ ಇಲ್ಲದ ದಿನವೂ ಹಾಗೆ ಎದ್ದು ಹೋದವಳು ನೀನು. ಈ ಕಾಗದವನ್ನಾದರೂ ಕೂತು ಓದು. ಹಾಲು ಉಕ್ಕಿದರೆ ಉಕ್ಕಲಿ.

ವಿಷಯ ವಂಶವೃಕ್ಷದ್ದೇ. ತಮ್ಮ ಅದನ್ನು ಗೋಡೆಗೆ ಹಾಕಲು ತಯಾರು ಮಾಡುತ್ತಿದ್ದಾನಲ್ಲ, ಅಪ್ಪನ ಪಕ್ಕದಲ್ಲಿ ಅಮ್ಮನ ಹೆಸರೂ ನಿನ್ನ ಹೆಸರೂ ಬರೆಯುತ್ತೇವೆ ಎಂದಾಗ ನೀನು ಹೇಳಿದ ಮಾತು ನನ್ನನ್ನು ಕೊರೆಯುತ್ತಲೇ ಇದೆ. ‘ನನ್ನದ್ಯಾಕೆ? ನಿಮ್ಮನ್ನ ಹೆತ್ತವಳು ಅವಳು. ನಾನು ಆಮೇಲೆ ಬಂದವಳು. ಮರಕ್ಕೆ ಒರಗಿ ನಿಂತವರ ಹೆಸರೆಲ್ಲ ಮರದ ಮೇಲೆ ಬರೀತಾರಾ?’ ಅಂದೆ. ತಮ್ಮ ಬಾಯಿ ತೆರೆಯುವಷ್ಟರಲ್ಲಿ ಹಾಲಿನ ನೆಪ ಬಂತು. ನಿನ್ನನ್ನು ಬಿಟ್ಟು ಆ ಮರವನ್ನು ಗೋಡೆಗೆ ಹಾಕಲು ನನಗೆ ಮನಸ್ಸಿಲ್ಲ. ನಿನ್ನ ಒಪ್ಪಿಗೆಯಿಲ್ಲದೆ ಹಾಕಲು ಧೈರ್ಯವೂ ಇಲ್ಲ.

ಊರವರು ನಮ್ಮನ್ನು ‘ಮೂರು ಬೆರಳಿನವರು’ ಎಂದು ಕರೆಯುವುದು ಯಾಕೆಂದು ನಿನಗೆ ಗೊತ್ತು. ಮುತ್ತಜ್ಜನ ಅಪ್ಪ ಹಳ್ಳಿಯಲ್ಲಿ ಹೆಂಚು ಮಾಡುತ್ತಿದ್ದವನು. ಊರಿಗೆಲ್ಲ ಸೇರಿ ಹೆಂಚು ಸುಡಲು ಒಂದೇ ಗೂಡು. ಸುಟ್ಟು ತೆಗೆದ ಮೇಲೆ ಯಾರ ಹೆಂಚು ಯಾವುದೆಂದು ತಿಳಿಯಬೇಕಲ್ಲ, ಅದಕ್ಕೆ ಪ್ರತಿ ಮನೆಯವರೂ ಹಸಿ ಹೆಂಚಿನ ಮೇಲೆ ತಮ್ಮ ಗುರುತು ಒತ್ತುತ್ತಿದ್ದರು. ನಮ್ಮದು ಸಾಲಾಗಿ ಮೂರು ಬೆರಳು. ಗುರುತು ಇರುವವರಿಗೆ ಗೂಡಿನಲ್ಲಿ ಜಾಗ. ಗುರುತು ನಿಂತರೆ ಜಾಗವೂ ಹೋಯಿತು, ಅನ್ನವೂ ಹೋಯಿತು.

ತಮ್ಮನಿಗೆ ತಲೆಬಿಸಿ ತಂದದ್ದು ಈ ಹೆಂಚುಗಳೇ. ಹಳೆಯ ದಾಖಲೆಗಳ ಕಚೇರಿಯಲ್ಲಿ, ಮುಟ್ಟಿದರೆ ಪುಡಿಯಾಗುವ ಮರಣದ ಪುಸ್ತಕದಲ್ಲಿ, ನಮ್ಮ ಹೆಂಚಿನವನು 1871ರಲ್ಲಿ ಜ್ವರದಿಂದ ಸತ್ತನೆಂದು ಬರೆದಿತ್ತು. ಆದರೆ ಹಳ್ಳಿಯ ಉಗ್ರಾಣ ಕೆಡವಿದಾಗ ತಮ್ಮ ಕೇಳಿ ತಂದ ಹೆಂಚುಗಳ ಮೇಲೆ, ಇಸವಿ ಒತ್ತಿದ್ದ ಮೂಲೆಯಲ್ಲಿ, 1874, 1879! ಎಲ್ಲದರ ಮೇಲೂ ಮೂರು ಬೆರಳು. ‘ಸತ್ತವನು ಎದ್ದು ಬಂದು ಹೆಂಚು ಮಾಡಿದನಾ? ಬರೆದವನು ತೂಕಡಿಸ್ತಿದ್ದ ಅಷ್ಟೇ’ ಎಂದು ತಮ್ಮ ತೀರ್ಪು ಕೊಟ್ಟ. ನಾನೂ ತಲೆಯಾಡಿಸಿದೆ. ಹುಟ್ಟಿದಾಗಿನಿಂದ ಕೇಳಿದ್ದೇವಲ್ಲ, ಮೂರು ಬೆರಳು ಎಂದರೆ ಆ ಹಿರಿಯನ ಕೈ ಎಂದು. ಈ ಹೆಸರನ್ನು ಹೊತ್ತವರಿಗೆ ಬೇರೆ ಯೋಚನೆ ಹೊಳೆಯುವುದಾದರೂ ಹೇಗೆ?

ಆ ಮಧ್ಯಾಹ್ನ ನೀನು ಹೆಂಚುಗಳ ಧೂಳು ಒರೆಸಲು ಕೂತೆ. ಒರೆಸುತ್ತ ಒರೆಸುತ್ತ ಸುಮ್ಮನೆ ಗುರುತಿನೊಳಗೆ ನಿನ್ನ ಬೆರಳಿಟ್ಟೆ. 1868ರ ಹೆಂಚಿನಲ್ಲಿ ನಿನ್ನ ಬೆರಳ ಆಚೆ ಈಚೆ ಜಾಗ ಉಳಿಯಿತು. 1874ರದ್ದರಲ್ಲಿ ಹೇಳಿ ಮಾಡಿಸಿದಂತೆ ಕೂತಿತು. ನನ್ನ ದಪ್ಪ ಬೆರಳು ಅದರೊಳಗೆ ಇಳಿಯಲೇ ಇಲ್ಲ. ನೀನು ಇನ್ನೊಂದು ಹೆಂಚು ನೋಡಿದೆ, ಮತ್ತೊಂದು ನೋಡಿದೆ. ‘ಇದು ಗಂಡಸಿನ ಕೈ ಅಲ್ಲ ಕಣೇ’ ಅಂದೆ. ಆಮೇಲೆ ನಕ್ಕು, ‘ಪಾಪ, ಅವಳೂ ಊಟಕ್ಕೆ ಹೋಗಿದಾರೆ ಅಂತ ಹೇಳಿರಬೇಕು’ ಅಂದುಬಿಟ್ಟೆ.

ಆ ಮಾತು ತಮ್ಮನಿಗೆ ಅರ್ಥವಾಗಲಿಲ್ಲ, ಶಾಪಿನ ದಿನಗಳಲ್ಲಿ ಅವನು ತೀರಾ ಚಿಕ್ಕವನು. ನನಗೆ ಆಯಿತು. ಅಪ್ಪ ಹೋದ ಮೇಲೆ ಸೈಕಲ್ ಶಾಪಿನ ಬೋರ್ಡಿನ ಮೇಲೆ ಅವರ ಹೆಸರು ಹಾಗೇ ಇತ್ತು. ಹೊಸಬರು ಬಂದು ನಿನ್ನನ್ನು ಮೇಲಿಂದ ಕೆಳಗೆ ನೋಡಿ, ‘ಯಜಮಾನರು ಇಲ್ವಾ?’ ಎಂದು ಕೇಳುತ್ತಿದ್ದರು. ನೀನು ಮುಖದ ಗೆರೆ ಅಲುಗಿಸದೆ, ‘ಊಟಕ್ಕೆ ಹೋಗಿದಾರೆ. ಗಾಡಿ ಬಿಟ್ಟು ಹೋಗಿ, ಸಂಜೆ ಬನ್ನಿ’ ಅನ್ನುತ್ತಿದ್ದೆ. ಅವರು ತಿರುವಿನಲ್ಲಿ ಮರೆಯಾದ ಕೂಡಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಚಕ್ರ ಬಿಚ್ಚುತ್ತಿದ್ದೆ. ಕಡ್ಡಿ ಒಂದೊಂದನ್ನೇ ಬಿಗಿ ಮಾಡಿ ಬೆಂಡ್ ತೆಗೆಯುತ್ತಿದ್ದೆ. ‘ಯಜಮಾನರ ಕೈ ಅಂದ್ರೆ ಕೈ’ ಎಂದು ಅವರು ಹೊಗಳಿ ಹೋಗುವಾಗ ನಾನು ಟ್ಯೂಬುಗಳ ಹಿಂದೆ ಕೂತು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ಎಷ್ಟು ದೀರ್ಘ ಊಟ ಚಿಕ್ಕಮ್ಮ ಅದು! ಆ ಊಟದ ಹೊತ್ತಿನಲ್ಲೇ ನಾವಿಬ್ಬರೂ ಓದಿ ಮುಗಿಸಿದೆವು.

ನಿನ್ನ ಮಾತು ಹಿಡಿದು ನಾನು ತಮ್ಮನ ಜೊತೆ ಮತ್ತೆ ಕಚೇರಿಗೆ ಹೋದೆ. ಈ ಸಲ ಹಿರಿಯನನ್ನು ಹುಡುಕಲಿಲ್ಲ, ಅವನ ಮನೆಯಲ್ಲಿ ಉಳಿದವರನ್ನು ಹುಡುಕಿದೆ. ಅವನು ಸತ್ತ ವರ್ಷದ ಮನೆಗಣತಿಯಲ್ಲಿ ಸಿಕ್ಕಿತು: ಹೆಂಚಿನವನ ವಿಧವೆ, ಮಕ್ಕಳು ಮೂವರು, ಮೊದಲ ಹೆಂಡತಿಯವರು. ಆ ಮೂವರಲ್ಲಿ ಕೊನೆಯವನೇ ನಮ್ಮ ಮುತ್ತಜ್ಜ. ಅವಳಿಗೆ ಸ್ವಂತ ಮಕ್ಕಳಿರಲಿಲ್ಲ. ತವರಿಗೆ ಹೋಗಿದ್ದರೆ ಯಾರೂ ತಪ್ಪು ಹುಡುಕುತ್ತಿರಲಿಲ್ಲ. ಹೋಗಲಿಲ್ಲ. ಮಣ್ಣು ತುಳಿದಳು, ಗಂಡನ ಗುರುತನ್ನು ತನ್ನ ಸಣ್ಣ ಬೆರಳಿನಲ್ಲಿ ಒತ್ತಿದಳು, ಹುಡುಗರು ದೊಡ್ಡವರಾಗುವ ತನಕ ಗೂಡಿನ ಜಾಗ ಉಳಿಸಿಕೊಟ್ಟಳು.

ಅಪ್ಪ ಹೋದ ಮೇಲೆ ನಿನ್ನನ್ನು ಕರೆದೊಯ್ಯಲು ನಿನ್ನ ಅಣ್ಣ ಗಾಡಿ ಮಾಡಿಕೊಂಡು ಬಂದ ದಿನ ನೆನಪಾಯಿತು. ನಾನು ಬಾಗಿಲ ಹಿಂದೆ ತಮ್ಮನ ಕೈ ಹಿಡಿದು ನಿಂತಿದ್ದೆ. ‘ನಿನಗೇನು ವಯಸ್ಸಾಯ್ತು? ಅವರ ದೊಡ್ಡಪ್ಪಂದಿರಿದಾರೆ, ನೋಡ್ಕೋತಾರೆ. ನೀನು ಹೊರಡು’ ಎಂದರು ಅವರು. ನೀನು ಅಳಲಿಲ್ಲ, ವಾದ ಮಾಡಲಿಲ್ಲ. ‘ನಾಳೆ ಇವಕ್ಕೆ ಸ್ಕೂಲಿದೆ ಅಣ್ಣ. ಆಮೇಲೆ ನೋಡೋಣ’ ಅಂದೆ, ಅಷ್ಟೇ. ಅವತ್ತು ನನ್ನ ಎದೆಯ ಮೇಲಿಂದ ಇಳಿದ ಭಾರವನ್ನು ಇಷ್ಟು ವರ್ಷ ನಿನಗೆ ಹೇಳಬೇಕೆಂದು ಕಾದಿದ್ದೆ. ಈಗ ಹೇಳುತ್ತಿದ್ದೇನೆ. ನೀನು ಉಳಿದೆ, ಅದಕ್ಕೇ ನಾವು ಉಳಿದೆವು.

ಇನ್ನೊಂದು ಸಂಗತಿ. ಆ ಹೆಂಚಿನವಳು ಮುಪ್ಪಿನಲ್ಲಿ ತೀರಿಕೊಂಡಾಗ ಸುದ್ದಿ ಬರೆಸಲು ಹೋದವನು ಮುತ್ತಜ್ಜ. ತಿಳಿಸಿದವನಿಗೆ ಸತ್ತವರು ಏನಾಗಬೇಕು ಎಂಬ ಜಾಗದಲ್ಲಿ ‘ತಾಯಿ’ ಎಂದಿದೆ. ಮೊದಲ ಹೆಂಡತಿ, ಎರಡನೆಯವಳು ಎಂಬ ತಕರಾರೇ ಇಲ್ಲ. ತಮ್ಮ ಆ ಪುಟವನ್ನು ಮತ್ತೆ ಮತ್ತೆ ಓದಿದ. ಆಮೇಲೆ ಮೂಗು ಒರೆಸಿಕೊಂಡು, ‘ಧೂಳು ಜಾಸ್ತಿ ಇಲ್ಲಿ’ ಅಂದ. ನಿನ್ನದೇ ಬುದ್ಧಿ ಬಂದಿದೆ ಅವನಿಗೆ. ಒಲೆ ಇದ್ದಿದ್ದರೆ ಹಾಲಿನ ನೆಪವನ್ನೇ ಹೇಳುತ್ತಿದ್ದ.

ಮನೆಗೆ ಬಂದವನೇ ಬರೆದಿಟ್ಟಿದ್ದ ಮರದ ಚಿತ್ರವನ್ನು ಸುತ್ತಿ ಅಟ್ಟಕ್ಕೆ ಎಸೆದ. ಮರುದಿನ ಇಟ್ಟಿಗೆ ಗೂಡಿನವನಿಂದ ಹದವಾದ ಮಣ್ಣು ತಂದು ಒಂದು ದೊಡ್ಡ ಹೆಂಚು ತಟ್ಟಿದ. ಅದನ್ನೇ ಸುಡಿಸಿ ಗೋಡೆಗೆ ಹಾಕುತ್ತೇವೆ. ಹೆಸರು ಬೇಡ ಅಂದೆಯಲ್ಲ, ಆಯಿತು, ನಿನ್ನ ಮಾತೇ ನಡೆಯಲಿ. ಯಾರ ಹೆಸರೂ ಬರೆಯುವುದಿಲ್ಲ. ಮೊದಲ ಗುರುತು ನಿನ್ನ ಮೂರು ಬೆರಳಿನದು. ಅದರ ಕೆಳಗೆ ನಮ್ಮಿಬ್ಬರದು, ಆಮೇಲೆ ನಿನ್ನ ಮೊಮ್ಮಕ್ಕಳದು.

ಹೆಂಚನ್ನು ಒದ್ದೆ ಬಟ್ಟೆ ಮುಚ್ಚಿ ಜಗಲಿಯಲ್ಲಿಟ್ಟಿದ್ದೇವೆ. ನಾಳೆ ಬೆಳಿಗ್ಗೆಯೇ ಬಾ. ‘ಮುಟ್ಟಬೇಡಿ’ ಎಂದು ಮಕ್ಕಳನ್ನು ಗದರಿಸಿ ಗದರಿಸಿ ಸಾಕಾಗಿದೆ. ನೀನು ಒತ್ತುವ ತನಕ ಇಲ್ಲಿ ಯಾರೂ ಒತ್ತುವಂತಿಲ್ಲ. ಈ ಸಲ ಯಾರು ಕೇಳಿದರೂ ಯಜಮಾನರು ಊಟಕ್ಕೆ ಹೋಗಿದ್ದಾರೆ ಎನ್ನುವುದಿಲ್ಲ ಚಿಕ್ಕಮ್ಮ, ಇಲ್ಲೇ ಇದ್ದಾರೆ ನೋಡಿ ಎನ್ನುತ್ತೇನೆ.

ನಿನ್ನ ಕೈ ನಮ್ಮ ತಲೆಯ ಮೇಲೆ ಹೀಗೇ ಇರಲಿ, ಮಣ್ಣಾಗಿದ್ದರೂ ಸರಿ.

ಇಂತಿ,
ನಿನ್ನ ಮಗಳು