ಚೀಲಕ್ಕೆ ಅರವತ್ತನಾಲ್ಕು, ಅವರಿಗೆ ಅರವತ್ತೈದು

ಮಾನ್ಯ ಅನುಮೋದನಾಧಿಕಾರಿಗಳೇ,

ಸರ್ಕಾರಿ ಆರೋಗ್ಯ ವಿಮಾ ಯೋಜನೆಯಡಿ ನನ್ನ ಗಂಡನ ಮೈಯಿಂದ ಹೊಸ ರಕ್ತ ಹುಟ್ಟಿಸುವ ಕಾಂಡಕೋಶಗಳನ್ನು ತೆಗೆಸಿದವರು ತಾವು. ಅವು ಆಸ್ಪತ್ರೆಯ ಶೀತಲ ತೊಟ್ಟಿಯಲ್ಲಿ, ಒಂದು ಪುಟ್ಟ ಚೀಲದಲ್ಲಿ, ಅವರ ಹೆಸರಿನ ಚೀಟಿ ಅಂಟಿಸಿಕೊಂಡು ಕೂತಿವೆ. ಈಗ ಅವನ್ನು ಅವರ ಮೈಗೆ ವಾಪಸು ಹಾಕಿಸಲು ಬರುವುದಿಲ್ಲ ಎನ್ನುತ್ತಿರುವವರೂ ತಾವೇ. ಕಾರಣ, ನಡುವೆ ಅವರಿಗೊಂದು ಹುಟ್ಟುಹಬ್ಬ ಬಂದುಹೋಯಿತು. ತಮ್ಮ ಲೆಕ್ಕದಲ್ಲಿ ತೆಗೆಯುವುದು ಒಂದು ಹಂತ, ಹಾಕುವುದು ಇನ್ನೊಂದು ಹಂತ. ಎರಡಕ್ಕೂ ಬೇರೆ ಬೇರೆ ಅನುಮೋದನೆ. ಅನುಮೋದನೆಯ ದಿನ ರೋಗಿಗೆ ಅರವತ್ತೈದು ತುಂಬಿರಬಾರದು. ಈ ನಿಯಮವನ್ನು ನಾನು ನಾಲ್ಕು ಸಲ ಓದಿದ್ದೇನೆ. ಅರ್ಥವಾಗಿಲ್ಲವೆಂದು ತಿಳಿದು ದಯವಿಟ್ಟು ಐದನೆಯ ಪ್ರತಿ ಕಳಿಸಬೇಡಿ.

ತಮ್ಮ ಪತ್ರಗಳ ಭಾಷೆ ನನಗೆ ಹೊಸದಲ್ಲ. ನೀರು ಸರಬರಾಜು ಕಚೇರಿಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಗುತ್ತಿಗೆ ಟೈಪಿಸ್ಟ್ ಆಗಿದ್ದವಳು ನಾನು. ‘ತಮ್ಮ ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗಿದ್ದು, ನಿಯಮಾವಳಿಯಲ್ಲಿ ಅವಕಾಶವಿಲ್ಲದ ಕಾರಣ ವಿಷಾದಿಸಲಾಗಿದೆ’ ಎಂಬ ವಾಕ್ಯವನ್ನು ಕಣ್ಣು ಮುಚ್ಚಿಕೊಂಡು ಟೈಪ್ ಮಾಡಬಲ್ಲೆ. ಸಾವಿರಾರು ಸಲ ಮಾಡಿದ್ದೇನೆ. ಆಗ ಆ ವಾಕ್ಯದ ಆಚೆ ತುದಿಯಲ್ಲಿ ಯಾರಿದ್ದಾರೆ ಎಂದು ಒಂದು ದಿನವೂ ಯೋಚಿಸಲಿಲ್ಲ. ಬೆರಳು ಓಡುತ್ತಿತ್ತು, ಸಂಜೆಯಾಗುತ್ತಿತ್ತು, ಮನೆಗೆ ಬರುತ್ತಿದ್ದೆ. ಹಾಗಾಗಿ ತಮ್ಮನ್ನು ಕ್ರೂರಿ ಎಂದು ಕರೆಯುವ ಯೋಗ್ಯತೆ ನನಗಿಲ್ಲ. ತಾವೂ ಸಂಜೆ ಮನೆಗೆ ಹೋಗುತ್ತಿದ್ದೀರಿ, ಅಷ್ಟೇ.

ನಮ್ಮವರು ಫ್ರಿಜ್ ರಿಪೇರಿಯವರು. ನಲವತ್ತು ವರ್ಷ ಅದೇ ಕೆಲಸ. ಮನೆಗಳ ಫ್ರಿಜ್ಜು, ಅಂಗಡಿಗಳ ಶೀತಲ ಪೆಟ್ಟಿಗೆ, ಔಷಧಿ ಗೋದಾಮಿನ ದೊಡ್ಡ ಕೋಣೆ, ಎಲ್ಲದರ ಗುಟ್ಟೂ ಅವರಿಗೆ ಗೊತ್ತು. ಕಂಪ್ರೆಸರ್ ಮೇಲೆ ಕೈಯಿಟ್ಟು ಕಿವಿಗೊಟ್ಟರೆ ಸಾಕು, ಏನಾಗಿದೆ ಎಂದು ಹೇಳಿಬಿಡುತ್ತಿದ್ದರು. ದಪ್ಪ ಮೀಸೆ ಬಿಟ್ಟಿದ್ದರಿಂದ ಬೀದಿಯವರಿಗೆಲ್ಲ ಅವರು ಮೀಸೆ ಮೆಕ್ಯಾನಿಕ್. ಹೋದ ವರ್ಷ ಬೆನ್ನುನೋವು ಎಂದು ಹೋದವರಿಗೆ ಮೂಳೆಯೊಳಗಿನ ಮಜ್ಜೆಯ ಕ್ಯಾನ್ಸರ್ ಎಂದರು. ಔಷಧಿಯಿಂದ ರೋಗ ಸುಮ್ಮನಾಯಿತು. ಇನ್ನು ಅವರದೇ ಕಾಂಡಕೋಶಗಳನ್ನು ರಕ್ತದಿಂದ ಸೋಸಿ ತೆಗೆದಿಟ್ಟು, ಮಜ್ಜೆಯನ್ನೇ ಸುಡುವಷ್ಟು ಬಲವಾದ ಔಷಧಿ ಕೊಟ್ಟು, ಆಮೇಲೆ ತೆಗೆದಿಟ್ಟದ್ದನ್ನು ವಾಪಸು ಹಾಕಬೇಕು. ರೋಗ ಸುಮ್ಮನಿರುವ ಈ ಕೆಲವು ತಿಂಗಳೊಳಗೇ ಆಗಬೇಕು. ಡಾಕ್ಟರಮ್ಮ ಏನನ್ನೂ ಮುಚ್ಚಿಡಲಿಲ್ಲ. “ಪೂರ್ತಿ ವಾಸಿಯಾಗತ್ತೆ ಅಂತ ನಾನು ಹೇಳಲ್ಲ ಅಮ್ಮ. ಆದ್ರೆ ಕೆಲವು ಒಳ್ಳೆ ವರ್ಷಗಳು ಸಿಗಬಹುದು. ಇವರ ಹೃದಯ, ಕಿಡ್ನಿ ಎಲ್ಲಾ ಗಟ್ಟಿಯಾಗಿದೆ, ತಡ ಮಾಡಬೇಡಿ” ಎಂದರು.

ಮಾನ್ಯರೇ, ನಾವು ತಡ ಮಾಡಲಿಲ್ಲ. ಕೋಶ ತೆಗೆದ ದಿನ ನಾನೂ ಪಕ್ಕದಲ್ಲೇ ಕೂತಿದ್ದೆ. ಒಂದು ತೋಳಿನಿಂದ ರಕ್ತ ಯಂತ್ರಕ್ಕೆ ಹೋಗಿ, ಸೋಸಿಕೊಂಡು, ಇನ್ನೊಂದು ತೋಳಿಗೆ ಬರುತ್ತಿತ್ತು. ಐದು ಗಂಟೆ. ನಮ್ಮವರು ಯಂತ್ರದ ಸದ್ದನ್ನೇ ಕೇಳುತ್ತ, “ಪಂಪು ಒಳ್ಳೇದಿದೆ, ಬೇರಿಂಗ್ ಸ್ವಲ್ಪ ಸವೆದಿದೆ” ಎಂದು ನನಗೆ ವರದಿ ಕೊಡುತ್ತಿದ್ದರು. ಆಮೇಲೆ ಚೀಲವನ್ನು ಎಲ್ಲಿಡುತ್ತಾರೆ ನೋಡಲೇಬೇಕೆಂದು ಹಟ ಹಿಡಿದರು. ಅಲ್ಲಿದ್ದ ಲ್ಯಾಬಿನ ಹುಡುಗಿ ಒಳ್ಳೆಯವಳು, ಗಾಜಿನ ಆಚೆಯಿಂದ ತೋರಿಸಿದಳು.

“ಇದಕ್ಕೆ ಕಂಪ್ರೆಸರ್ ಎಲ್ಲಿದೆಯಮ್ಮ?”

“ಇಲ್ಲ ಅಂಕಲ್. ಇದು ದ್ರವ ಸಾರಜನಕದ ತೊಟ್ಟಿ.”

“ಮತ್ತೆ ಕರೆಂಟ್ ಹೋದ್ರೆ?”

“ಹೋದ್ರೂ ಏನೂ ಆಗಲ್ಲ. ಆಗಾಗ ಸಾರಜನಕ ತುಂಬಿಸ್ತಾ ಇದ್ರೆ ವರ್ಷಗಟ್ಟಲೆ ಹಾಗೇ ಇರುತ್ತೆ.”

“ಹಾಗಾದ್ರೆ ನಮ್ಮಂಥೋರಿಗೆ ಇಲ್ಲಿ ಕೆಲಸವೇ ಇಲ್ಲ ಅನ್ನು” ಎಂದು ನಕ್ಕರು. ಬಸ್ಸಿನಲ್ಲಿ ಬರುವಾಗ, “ನಲವತ್ತು ವರ್ಷ ಊರವರ ಹಾಲು, ಔಷಧಿ ಕೆಡದ ಹಾಗೆ ನೋಡ್ಕೊಂಡೆ. ಈಗ ನಂದನ್ನ ಯಾರೋ ನೋಡ್ಕೊಳ್ತಾ ಇದಾರೆ” ಎಂದರು. ಅವರ ದನಿಯಲ್ಲಿ ಅಷ್ಟು ನೆಮ್ಮದಿಯನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ.

ಅದೇ ವಾರ, ಕೋಶಗಳನ್ನು ಮಜ್ಜೆಯಿಂದ ರಕ್ತಕ್ಕೆ ಇಳಿಸಲು ಮೊದಲೇ ಕೊಟ್ಟಿದ್ದ ಔಷಧಿಯ ಫಲವಾಗಿ, ತಲೆಗೂದಲು ಉದುರಿತು. ಹುಬ್ಬು ಉದುರಿತು. ಮೀಸೆಯೂ ಉದುರಿತು. ಎರಡನೆಯ ಹಂತಕ್ಕೆ ಹೊಸದಾಗಿ ಗುರುತು ದೃಢೀಕರಣ ಆಗಬೇಕೆಂದು ತಮ್ಮ ಕಚೇರಿಯಿಂದ ಕರೆ ಬಂತು. ಹೋದೆವು. ಹುಟ್ಟುಹಬ್ಬಕ್ಕೆ ಇನ್ನೂ ಇಪ್ಪತ್ತೇಳು ದಿನ ಇತ್ತು. ಮೂರನೆಯ ಕೌಂಟರಿನ ಕ್ಯಾಮೆರಾ ಎದುರು ಅವರನ್ನು ಕೂರಿಸಿದರು. ಕೆಂಪು ದೀಪ. ಮತ್ತೆ ಕೂರಿಸಿದರು. ಮತ್ತೆ ಕೆಂಪು. ಕಾರ್ಡಿನ ಫೋಟೋದಲ್ಲಿ ಮೀಸೆ ಇತ್ತು, ಕುರ್ಚಿಯಲ್ಲಿ ಇರಲಿಲ್ಲ.

“ಮುಖ ಹೊಂದ್ತಾ ಇಲ್ಲ ಅಮ್ಮ. ಮೀಸೆ ಬಂದ್ಮೇಲೆ ಕರ್ಕೊಂಡ್ ಬನ್ನಿ” ಎಂದರು ಕೌಂಟರಿನವರು.

“ಸ್ವಾಮಿ, ಇವರು ಇವರೇ ಅಂತ ನಾನು ಹೇಳ್ತೀನಲ್ಲ. ಮೂವತ್ತೆಂಟು ವರ್ಷದಿಂದ ನೋಡ್ತಾ ಇದೀನಿ.”

“ನೀವ್ ಹೇಳಿದ್ರೆ ಆಗಲ್ಲ, ಮಷಿನ್ ಹೇಳ್ಬೇಕು. ಇಲ್ಲಾಂದ್ರೆ ಫೋಟೋ ಬದಲಾವಣೆಗೆ ಅರ್ಜಿ ಕೊಡಿ, ಇಪ್ಪತ್ತೊಂದು ಕೆಲಸದ ದಿನ.”

ಭಾನುವಾರ, ರಜೆಗಳನ್ನು ಕಳೆದು ಬೆರಳು ಮಡಚಿ ನೋಡಿದೆ. ಇಪ್ಪತ್ತೊಂದು ಕೆಲಸದ ದಿನ ಮುಗಿಯುವಷ್ಟರಲ್ಲಿ ಅರವತ್ತೈದು ತುಂಬಿಬಿಡುತ್ತಿತ್ತು.

ಇನ್ನು ಮುಂದಿನದ್ದು ನನ್ನ ತಪ್ಪು. ಎಲ್ಲರೆದುರು ಒಪ್ಪಿಕೊಳ್ಳಬೇಕೆಂದೇ ತಮಗೆ ಖಾಸಗಿಯಾಗಿ ಬರೆಯದೆ ಹೀಗೆ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆಯುತ್ತಿದ್ದೇನೆ. ಮಾರನೆಯ ಬೆಳಿಗ್ಗೆ ಅವರನ್ನು ಕಿಟಕಿ ಹತ್ತಿರ ಕೂರಿಸಿ, ಹುಬ್ಬು ತೀಡುವ ಕಪ್ಪು ಪೆನ್ಸಿಲಿನಿಂದ ಮೀಸೆ ಬರೆದೆ. ಹಳೆಯ ಫೋಟೋ ಎದುರಿಗಿಟ್ಟುಕೊಂಡು, ಒಂದೊಂದೇ ಎಳೆ ಎಳೆದು ಬರೆದೆ. “ಎಡಗಡೆ ಸ್ವಲ್ಪ ಕಮ್ಮಿಯಾಯ್ತು ನೋಡು” ಎಂದು ಕನ್ನಡಿ ಹಿಡಿದು ಅವರೇ ತಿದ್ದಿಸಿದರು. ಕಾಯಿಲೆ ಬಿದ್ದ ಮೇಲೆ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅದೊಂದೇ ಸಲ. ನಗಬೇಡಿ, ತುಟಿ ಅಲ್ಲಾಡುತ್ತದೆ ಎಂದು ಗದರಿಸುತ್ತ ನಾನೇ ನಗುತ್ತಿದ್ದೆ.

ಕಚೇರಿಯಲ್ಲಿ ಯಂತ್ರ ಮೊದಲನೆಯ ಸಲಕ್ಕೇ ಹಸಿರು ತೋರಿಸಿತು. ನಿಜವಾದ ಮುಖವನ್ನು ಒಪ್ಪದ ತಮ್ಮ ಯಂತ್ರ ನಾನು ಬರೆದ ಮುಖವನ್ನು ಒಪ್ಪಿಕೊಂಡಿತು, ಇದನ್ನು ತಾವು ಎಲ್ಲಾದರೂ ದಾಖಲಿಸಿಕೊಂಡಿದ್ದೀರಾ? ಆಮೇಲೆ ಅಂಗೈಯಷ್ಟು ಕಾಗದಕ್ಕೆ ಸಹಿ ಹಾಕುವುದೊಂದು ಬಾಕಿ. ಅಷ್ಟರಲ್ಲಿ ನಮ್ಮವರು, ಸೆಕೆಗೆ ಬೆವೆತಿದ್ದರು ಪಾಪ, ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಜೀವಮಾನದ ಅಭ್ಯಾಸ. ಅರ್ಧ ಮೀಸೆ ಕರವಸ್ತ್ರಕ್ಕೆ ಬಂತು. ಕೌಂಟರಿನವರು ನೋಡಿದರು, ಪಕ್ಕದವರನ್ನು ಕರೆದರು, ಅವರು ಮೇಲಿನವರನ್ನು ಕರೆದರು. ‘ವ್ಯಕ್ತಿ ಬದಲಾವಣೆಯ ಶಂಕೆ’ ಎಂದು ಕಡತಕ್ಕೆ ಕೆಂಪು ಷರಾ ಬಿತ್ತು. ಉಳಿದರ್ಧ ಮೀಸೆ ಹೊತ್ತುಕೊಂಡೇ ಅವರು ಬಸ್ಸು ಹತ್ತಿದರು. ಜನ ನೋಡುತ್ತಿದ್ದರು. ನನ್ನ ಸೆರಗಿನಿಂದ ಒರೆಸಲು ಹೋದರೆ, “ಬಿಡು, ಇನ್ನೇನು” ಎಂದು ಮುಖ ತಿರುಗಿಸಿದರು.

ವಿಚಾರಣೆ ಇಪ್ಪತ್ತೊಂಬತ್ತು ದಿನ ನಡೆಯಿತು. ನೆರೆಯವರನ್ನು ಕೇಳಿದರು, ಆಸ್ಪತ್ರೆಯನ್ನು ಕೇಳಿದರು, ರಕ್ತದ ಗುಂಪನ್ನೂ ತಾಳೆ ನೋಡಿದರು. ಕೊನೆಗೆ ಪತ್ರ ಬಂತು: ‘ಸದರಿ ವ್ಯಕ್ತಿಯು ಸದರಿ ವ್ಯಕ್ತಿಯೇ ಎಂದು ದೃಢಪಟ್ಟಿದೆ.’ ಓದಿ ಹಿಗ್ಗಿದೆ. ಕೆಳಗೆ ಎರಡನೆಯ ಸಾಲು ಇತ್ತು: ‘ಆದರೆ ಸದರಿ ವ್ಯಕ್ತಿಗೆ ಮೂರು ದಿನಗಳ ಹಿಂದೆ ಅರವತ್ತೈದು ವರ್ಷ ತುಂಬಿರುವುದರಿಂದ ಎರಡನೆಯ ಹಂತಕ್ಕೆ ಅನರ್ಹರಾಗಿರುತ್ತಾರೆ.’

ಆ ಪೆನ್ಸಿಲನ್ನು ನಾನು ಕೈಗೆತ್ತಿಕೊಳ್ಳದೇ ಇದ್ದಿದ್ದರೆ? ಅದನ್ನೇ ನಾನು ದಿನವೂ ಕೇಳಿಕೊಳ್ಳುತ್ತೇನೆ. ಫೋಟೋ ಅರ್ಜಿ ಕೊಟ್ಟು, ಕೈಕಾಲು ಹಿಡಿದು, ಯಾರಾದರೂ ಬೇಗ ಮಾಡಿಕೊಡುತ್ತಿದ್ದರೋ ಏನೋ. ನನಗೆ ಶಿಕ್ಷೆಯಾಗಬೇಕಾದರೆ ಆಗಲಿ, ಯಾವ ಕಾಯಿದೆಯಡಿಯಾದರೂ ಕರೆಸಿ, ಬರುತ್ತೇನೆ. ಆದರೆ ಮೀಸೆ ಬರೆದವಳು ನಾನಾದರೆ, ಚಿಕಿತ್ಸೆ ತಪ್ಪಬೇಕಾದದ್ದು ಅವರಿಗೆ ಏಕೆ?

ಈಗ ವಯಸ್ಸಿನ ಮಾತಿಗೆ ಬರೋಣ. ಅರವತ್ತೈದರ ಗಡಿ ಏಕೆ ಎಂದು ತಮ್ಮ ಸಹಾಯವಾಣಿಯನ್ನು ಕೇಳಿದೆ. ಆ ವಯಸ್ಸಿನ ಮೇಲಿನವರಿಗೆ ಯೋಜನೆಯಡಿ ಪ್ರಯೋಜನವಾದ ದಾಖಲೆ ಇಲ್ಲವಂತೆ. ಎಲ್ಲಿಂದ ಬರಬೇಕು ದಾಖಲೆ, ಒಬ್ಬರಿಗಾದರೂ ಮಾಡಿಸಿದ್ದರೆ ತಾನೇ? ಡಾಕ್ಟರಮ್ಮನನ್ನು ಕೇಳಿದರೆ, “ಸ್ವಂತ ಖರ್ಚಲ್ಲಿ ಬರೋರಿಗೆ ಅರವತ್ತೆಂಟರಲ್ಲೂ ಮಾಡಿದೀವಿ. ನಾವು ನೋಡೋದು ದೇಹ ತಡಕೊಳ್ಳತ್ತಾ ಅಂತ, ಹುಟ್ಟಿದ ತಾರೀಖನ್ನಲ್ಲ” ಎಂದರು. ನಮ್ಮ ಅಂಗಡಿ, ಮನೆ ಎರಡನ್ನೂ ಮಾರಿದರೂ ಆ ಖರ್ಚು ಹುಟ್ಟುವುದಿಲ್ಲ, ಆ ಮಾತು ಬೇಡ. ಹಾಗೆಂದು ಸವೆದ ಮಂಡಿಗೆ, ಬಿಳಿ ಕೂದಲಿಗೆ, ಮರೆವಿಗೆ ಎಲ್ಲಕ್ಕೂ ಒಂದೇ ಸೂಜಿ ಎಂದು ಜಾಹೀರಾತು ಕೊಡುವ ಕಾಂಡಕೋಶದ ಅಂಗಡಿಗಳಿಗೂ ತಾವು ಹಣ ಕೊಡಬೇಕೆಂದು ನಾನು ಹೇಳುತ್ತಿಲ್ಲ. ಅಂಥದ್ದನ್ನು ಧಾರಾಳವಾಗಿ ತಿರಸ್ಕರಿಸಿ. ನಾನು ಕೇಳುತ್ತಿರುವುದು ತಾವೇ ಒಪ್ಪಿದ, ತಾವೇ ಅರ್ಧ ಮಾಡಿಸಿದ ಚಿಕಿತ್ಸೆಯನ್ನು. ಚೀಲದ ಮೇಲಿನ ಚೀಟಿಯಲ್ಲಿ ಇವತ್ತಿಗೂ ‘ವಯಸ್ಸು: 64’ ಎಂದೇ ಇದೆ. ಒಳಗಿರುವ ಕೋಶಗಳಿಗೆ ಹುಟ್ಟುಹಬ್ಬ ಬಂದಿಲ್ಲ, ಅವು ಹೆಪ್ಪುಗಟ್ಟಿ ನಿಂತಿವೆ. ತಮ್ಮ ನಿಯಮದ ಪ್ರಕಾರ ಚೀಲ ಅರ್ಹ, ಅದರ ಯಜಮಾನ ಅನರ್ಹ.

ಹೋದ ವಾರ ಇನ್ನೊಂದು ಲಕೋಟೆ ಬಂತು. ಫಲಾನುಭವಿ ಅನರ್ಹನಾದ್ದರಿಂದ ಸಂಗ್ರಹಣೆ ಮುಂದುವರಿಸಲಾಗದು. ಚೀಲವನ್ನು ಜೈವಿಕ ತ್ಯಾಜ್ಯವೆಂದು ವಿಲೇವಾರಿ ಮಾಡಲು ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಈ ತಿಂಗಳ ಇಪ್ಪತ್ತರೊಳಗೆ ಕಳಿಸುವುದು. ನಮ್ಮವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಪೆನ್ನು ಕೇಳಿದರು.

“ಏನ್ ಮಾಡ್ತಾ ಇದೀರಿ?”

“ಸಹಿ. ಅಲ್ಲಿ ತೊಟ್ಟಿಯಲ್ಲಿ ಜಾಗ ಕಮ್ಮಿ ಅಂತ ಆ ಹುಡುಗಿ ಹೇಳ್ತಿದ್ಳು. ಯಾರೋ ಚಿಕ್ಕವರು ಕಾಯ್ತಾ ಇರಬಹುದು.”

“ಕಾಯಲಿ. ನಿಮ್ದು ಏನಾಗ್ಬೇಕು?”

“ನೋಡು, ಹಳೇ ಮಷಿನ್‌ಗೆ ಇಷ್ಟೆಲ್ಲ ದುಡ್ಡು ಹಾಕೋದು ಬೇಡ, ಬಿಟ್ಬಿಡಿ ಅಂತ ನಾನೇ ಎಷ್ಟು ಜನಕ್ಕೆ ಹೇಳಿಲ್ಲ?”

“ನೀವೇನು ಫ್ರಿಜ್ಜಾ?” ಎಂದು ಕಿರುಚಿದೆ. ಪಕ್ಕದ ಮನೆಯವರು ಕಿಟಕಿಯಲ್ಲಿ ಇಣುಕಿದರು. ನಮ್ಮವರು ನಿಧಾನಕ್ಕೆ, ಬಿಲ್ಲಿಗೆ ಹಾಕುತ್ತಿದ್ದ ಹಾಗೆಯೇ ಅಡಿಗೆರೆ ಎಳೆದು ಸಹಿ ಹಾಕಿದರು. ಲಕೋಟೆಗೆ ಅಂಟು ಹಚ್ಚಿ ನನ್ನ ಕೈಗೆ ಕೊಟ್ಟರು. ಅಂಚೆ ಪೆಟ್ಟಿಗೆಯವರೆಗೆ ಹೋದೆ, ಹಾಕಲು ಕೈ ಬರಲಿಲ್ಲ, ತಿರುಗಿ ಬಂದೆ. “ಹಾಕಿದ್ಯಾ?” ಎಂದರು. “ಹಾಕ್ದೆ” ಎಂದೆ.

ಮಾನ್ಯರೇ, ನನ್ನ ಬೇಡಿಕೆ ದೊಡ್ಡದಲ್ಲ. ಕೋಶ ತೆಗೆದ ದಿನದ ವಯಸ್ಸನ್ನೇ ಎರಡೂ ಹಂತಕ್ಕೆ ಲೆಕ್ಕ ಹಿಡಿಯಿರಿ. ಅದಕ್ಕೆ ಹೊಸ ಆದೇಶ ಬೇಕು, ಸಮಿತಿ ಸೇರಬೇಕು, ತಿಂಗಳುಗಳು ಬೇಕು ಎಂದರೆ, ಅಲ್ಲಿಯವರೆಗೆ ಆ ಚೀಲವನ್ನು ಅಲ್ಲೇ ಇರಲು ಬಿಡಿ. ರೋಗ ಅಷ್ಟು ದಿನ ಕಾಯುತ್ತದೆಯೇ ಎಂದು ನನಗೆ ಗೊತ್ತಿಲ್ಲ, ಡಾಕ್ಟರಮ್ಮನಿಗೂ ಗೊತ್ತಿಲ್ಲ, ತಮಗೆ ಗೊತ್ತಿದ್ದರೆ ತಿಳಿಸಿ. ಅದೂ ಆಗದಿದ್ದರೆ ಚೀಲ ಎಸೆಯುವ ಆದೇಶವನ್ನು ತಾವೇ ಬರೆದುಕೊಡಿ, ಟೈಪ್ ಮಾಡಿಸದೆ, ತಮ್ಮ ಕೈಯಾರೆ. ರೋಗಿಯ ಸಹಿ ಇರುವ ಒಪ್ಪಿಗೆ ಪತ್ರ ನನ್ನ ಹತ್ತಿರ ಇದೆ, ಅದನ್ನು ನಾನು ಕಳಿಸುವುದಿಲ್ಲ. ನಮ್ಮವರು ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು. ಇದು ಅಚ್ಚಾದ ದಿನ ನಾನು ಸುಳ್ಳು ಹೇಳಿದ್ದು ಅವರಿಗೆ ಗೊತ್ತಾಗುತ್ತದೆ. ಅವತ್ತು ಅವರು ಇನ್ನೊಂದು ಪ್ರತಿ ತರಿಸಿ ಸಹಿ ಹಾಕಿ ಸ್ವತಃ ಅಂಚೆಗೆ ಹಾಕಿಬಿಟ್ಟರೆ ತಡೆಯುವ ಶಕ್ತಿ ನನಗಿಲ್ಲ. ಅದು ತಮ್ಮ ಮೇಜಿಗೆ ಬಂದಾಗ ಒಂದು ವಾರ ಅದನ್ನು ಕಡತದ ಅಡಿಯಲ್ಲಿ ಮರೆತುಬಿಡಿ. ತಡ ಮಾಡುವುದು ತಮಗೆ ಬರುತ್ತದೆ. ಈ ಒಂದು ಸಲ ನನ್ನ ಸಲುವಾಗಿ ತಡ ಮಾಡಿ.

ಇಂತಿ,
ಸದರಿ ವ್ಯಕ್ತಿಯ ಹೆಂಡತಿ,
ವಯಸ್ಸು ಅರವತ್ತೆರಡು, ಇನ್ನೂ ಮೂರು ವರ್ಷ ಎರಡೂ ಹಂತಗಳಿಗೆ ಪೂರ್ಣ ಅರ್ಹಳು, ಯಾವ ಕಾಯಿಲೆಯೂ ಇಲ್ಲ