ಕೆಂಪಕ್ಷರದಲ್ಲಿ ಬರೆಯದ ಮಾತು

ಅಕ್ಕಾ,

ಇವತ್ತು ಶಾಲೆಯಲ್ಲಿ ನನ್ನ ಜೊತೆಯ ಶಿಕ್ಷಕಿ ಮೇಘಶ್ರೀ, ಚಾಟ್ ಆ್ಯಪಿನಲ್ಲಿ ಅಕ್ಷರಗಳಿಗೆ ಬಣ್ಣ ಹಾಕುವುದನ್ನು ತೋರಿಸಿದಳು. ಎರಡು ಸಲ ಒತ್ತಿದರೆ ಸಾಕು, ಅಷ್ಟು ಸುಲಭ. ಅವಳೆದುರೇ ನನಗೆ ಅಳು ಬಂತು.

ನಿನಗೆ ಕಿವಿ ಕೇಳುತ್ತಿರಲಿಲ್ಲ. ನೀನು ಮದುವೆಯಾಗಿ ಬಸವಾಪಟ್ಟಣಕ್ಕೆ ಹೋದ ಮೇಲೆ ನಮ್ಮ ಮಾತೆಲ್ಲ ಮೆಸೇಜಿನಲ್ಲೇ. "ಮುಖ ಕಾಣಲ್ಲ, ನಗ್ತಿದೀಯೋ ಸಿಟ್ಟಾಗಿದೀಯೋ ಹೆಂಗೆ ಗೊತ್ತಾಗ್ಬೇಕು? ಸಿಟ್ಟು ಬಂದ್ರೆ ಕೆಂಪಕ್ಷರದಾಗೆ ಬರಿ" ಎಂದು ನೀನು ಕೇಳಿದ್ದೆ. "ಅದನ್ನೆಲ್ಲ ಮಾಡಾಕೆ ಬರಲ್ಲ" ಎಂದುಬಿಟ್ಟೆ ನಾನು. ಹುಡುಕಿಯೂ ನೋಡಲಿಲ್ಲ.

ನನ್ನ ಮಗಳ ನಾಮಕರಣದ ಹಿಂದಿನ ದಿನ ನಿನಗೆ ಜ್ವರವೆಂದು ಭಾವ ತಿಳಿಸಿದರು. "ನೀನೇನೂ ಬರೋದು ಬೇಡ" ಎಂದು ನಿನಗೆ ಬರೆದೆ. ನೀನು ಮಲಗಿರಲಿ ಎಂದು ಬರೆದದ್ದು. "ಸರಿ" ಎಂದವಳು ಮತ್ತೆ ಏನೂ ಬರೆಯಲಿಲ್ಲ. ನಾನೂ ಬಿಗುಮಾನದಲ್ಲಿ ಸುಮ್ಮನಿದ್ದೆ. ಅದಾಗಿ ಐದನೇ ತಿಂಗಳಿಗೆ ನೀನೇ ಹೋಗಿಬಿಟ್ಟೆ.

ಮಣ್ಣು ಮುಗಿದ ಮೇಲೆ ಭಾವ ನನ್ನನ್ನು ಒಳಗೆ ಕರೆದರು.

"ತಂಗಿ ಬರಬ್ಯಾಡ ಅಂದ್ಲು ಅಂತ ಬಾಳ ಅತ್ತಿದ್ಲಮ್ಮ. ನಾಮಕರಣಕ್ಕೆ ಕೂಸಿಗೆ ಅಂತ ಹೊಲಿದಿದ್ದು ಇಲ್ಲೇ ಐತೆ, ತಗಳಮ್ಮ" ಎಂದು ಒಂದು ಕುಲಾವಿ ಕೊಟ್ಟರು.

ಮನೆಗೆ ಬಂದು ಮಗಳಿಗೆ ತೊಡಿಸಲು ನೋಡಿದೆ ಅಕ್ಕಾ. ಅವಳ ತಲೆಗೆ ಅದಾಗಲೇ ಚಿಕ್ಕದಾಗಿತ್ತು.