ಒಲೆಯ ಪಕ್ಕ ಸೌದೆ ಇರಲಿಲ್ಲ

ಜನವರಿ ೧೭. ಲೇನಾ ನದಿಯಾಚೆಯ ಬೇಟೆ ಗುಡಿಸಲು.

ಎಲೈ ಮಿಚಿಲ್, ನನ್ನ ಹೆಂಡತಿಯ ತಮ್ಮನೇ, ನಿನ್ನ ಹೊಟ್ಟೆ ತಣ್ಣಗಿರಲಿ! ಈ ಗುಡಿಸಲಿನಷ್ಟೇ ತಣ್ಣಗಿರಲಿ!

ನಮ್ಮ ಕಾಡಿನಲ್ಲಿ ಗುಡಿಸಲು ಬಿಟ್ಟು ಹೋಗುವವನು ಮುಂದೆ ಬರುವವನಿಗೆಂದು ಒಲೆಯ ಪಕ್ಕ ಒಣಸೌದೆ ಸೀಳಿಟ್ಟೇ ಹೋಗುತ್ತಾನೆ. ಹಗೆಯವನಿಗೂ ಇಡುತ್ತಾನೆ. ಕಳೆದ ವಾರ ಇಲ್ಲಿ ತಂಗಿದ್ದ ಮಿಚಿಲ್ ಒಂದು ಚಕ್ಕೆಯನ್ನೂ ಉಳಿಸಿರಲಿಲ್ಲ. ನಾವು ಬಂದಾಗ ನನ್ನ ಹೆಂಡತಿ ಸರ್ದಾನಾಳ ಬೆರಳುಗಳು ಬಿಳಚಿ ಮರಗಟ್ಟಿದ್ದವು. ಹೊರಗೆ ಹೋಗಿ ಮರ ಕಡಿಯುವಷ್ಟು ವ್ಯವಧಾನವೆಲ್ಲಿ? ನಾನೇ ಕೈಯಾರೆ ಮಾಡಿದ್ದ ಮಂಚವನ್ನು ಸೀಳಿ ಒಲೆಗೆ ತುಂಬಿದೆ.

ಬೆರಳಿಗೆ ಜೀವ ಬಂದದ್ದೇ ತಡ, ಅವಳ ಬಾಯಿಗೂ ಬಂತು.

"ಪಾಪ, ಅವಸರದಲ್ಲಿ ಮರೆತಿರ್ತಾನೆ, ಬಿಡ್ರಿ."

"ಗೊರಕೆ ಹೊಡೆಯೋಕೆ ಪುರುಸೊತ್ತಿತ್ತು, ಕೊಡಲಿ ಎತ್ತೋಕೆ ಇರ್ಲಿಲ್ವಾ?"

"ಕೂಗ್ಬೇಡಿ. ಇದು ನೀವು ಊರಲ್ಲಿ ಪಾರ್ಟು ಮಾಡೋ ನಾಟಕದ ಸ್ಟೇಜಲ್ಲ. ಕೇಳೋಕೆ ಇಲ್ಲಿ ನಾನೊಬ್ಳೇ ಇರೋದು."

ಊಟದ ಮೊದಲ ತುತ್ತನ್ನು ಎಂದಿನಂತೆ ಬೆಂಕಿಗೆ ಹಾಕಿ, ತಮ್ಮನ ಪರವಾಗಿ ಕ್ಷಮೆ ಕೇಳಿದಳು. ಬೆಂಕಿಯನ್ನು! ನನ್ನನ್ನಲ್ಲ!

ಈಗ ಬರಿ ನೆಲದ ಮೇಲೆ ಮಲಗಿದ್ದಾಳೆ. ನಾಳೆ ಹೊರಡುವ ಮುನ್ನ ನಾನು ಸೌದೆ ಸೀಳಿಡಲೇಬೇಕು. ನಮ್ಮ ನಂತರ ಇಲ್ಲಿಗೆ ಬರುವವನು ಮತ್ತದೇ ಮಿಚಿಲ್.

ಇಡುತ್ತೇನೆ, ರಾಶಿ ಇಡುತ್ತೇನೆ. ಮಂಚ ಎಲ್ಲಿ ಭಾವ ಎಂದು ಅವನೊಮ್ಮೆ ಕೇಳಲಿ, ಅವನಕ್ಕನ ಬೆರಳು ಹಿಡಿದು ತೋರಿಸಿ, ಇವಕ್ಕೆ ಜೀವ ಕೊಡಲು ಉರಿದುಹೋಯಿತು ಎನ್ನುತ್ತೇನೆ.